ಕೋಟೆಯೊಳಗಿನ ಕಲ್ಯಾಣ, ಕೋಟೆಯಾಚೆಗಿನ ಕಲ್ಯಾಣ

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹುಡುಕುವುದು 12ನೇ ಶತಮಾನದ ಶರಣರ ಕಲ್ಯಾಣವನ್ನು. ಆದರೆ ಅವರ ಎದುರಿಗೆ ನಿಲ್ಲುವುದು ಬೇರೆಯದೇ ಕಾಲದ ಕೋಟೆ.

ಬೆಟ್ಟದ ಕೋಟೆಗಳಂತೆ ಇದು ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಹೆಬ್ಬಂಡೆಗಳ ಮರೆಯಲ್ಲಿ ಅಡಗಿದೆ. ಸಾಲು ಬಾಗಿಲುಗಳನ್ನು ದಾಟಿ ಒಳಹೊಕ್ಕರೆ ರಾಜಮಹಲು, ಬುರುಜುಗಳು, ಉದ್ದನೆಯ ತೋಪುಗಳು ಕಾಣುತ್ತವೆ. ಕೋಟೆಯ ಕಾಲವನ್ನು ಹೇಳುವುದು ಈ ತೋಪುಗಳೇ. ಚಾಲುಕ್ಯರ ಕಾಲದಲ್ಲಿ ಮದ್ದುಗುಂಡಿನ ಯುದ್ಧವಿರಲಿಲ್ಲ. ತೋಪು ಹೂಡಲು ತಕ್ಕ ಇಂದಿನ ಕೋಟೆಯ ಬಹುಭಾಗ ಬಹಮನಿ ಹಾಗೂ ನಂತರದ ಸುಲ್ತಾನರ ಕಾಲದ್ದು. 16ನೇ ಶತಮಾನದಲ್ಲಿ ದಖ್ಖಣದ ಸುಲ್ತಾನರೂ ವಿಜಯನಗರದ ರಾಮರಾಯನೂ ಈ ಕೋಟೆಗಾಗಿ ಸೆಣಸಿದರು. 1657ರಲ್ಲಿ ಔರಂಗಜೇಬ ಇದನ್ನು ಗೆದ್ದ. ಮುಂದೆ ಇದು ನಿಜಾಮರ ಅಧೀನದ ನವಾಬರ ಜಹಗೀರಾಯಿತು.

ಹಾಗಾದರೆ ಚಾಲುಕ್ಯರ ರಾಜಧಾನಿ ಏನಾಯಿತು? 11ನೇ ಶತಮಾನದ ನಡುಭಾಗದಲ್ಲಿ ಒಂದನೇ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಇಲ್ಲಿಗೆ ಬಂದ. 1076ರಲ್ಲಿ ಪಟ್ಟವೇರಿದ ಆರನೇ ವಿಕ್ರಮಾದಿತ್ಯ ಐವತ್ತು ವರ್ಷ ಆಳಿದ. ಕಾಶ್ಮೀರದ ಕವಿ ಬಿಲ್ಹಣ, 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ ಅವನ ಆಶ್ರಯದಲ್ಲಿದ್ದವರು. ಅಂಥ ವೈಭವದ ಅರಮನೆಯ ಗುರುತು ಇಂದು ನೆಲದ ಮೇಲಿಲ್ಲ. ಕೋಟೆಯ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ವಿಗ್ರಹಗಳನ್ನು ನೋಡಿದ ಮೇಲೆ ಊರಿನಾಚೆ ಹೋಗಬೇಕು. ಸಮೀಪದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇಗುಲದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತ ನಿಂತಿದ್ದಾಳೆ.

ಶರಣರ ಕುರುಹು ಸಿಗುವುದು ಇನ್ನೂ ಕಷ್ಟ. ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರ ಸುತ್ತ ನೆರೆದ ಕಾಯಕಜೀವಿಗಳು ಕೋಟೆ ಕಟ್ಟಿದವರಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ ಅರಸೊತ್ತಿಗೆಯ ಕೋಪಕ್ಕೆ ಕಾರಣವಾಗಿ, ಶರಣರು ಊರು ಬಿಟ್ಟು ಚೆದುರಿದರೆಂಬುದು ಪರಂಪರೆಯ ನಂಬಿಕೆ. ಹರಳಯ್ಯನ ಗವಿ, ಅಕ್ಕನಾಗಮ್ಮನ ಗವಿ ಎಂದು ಜನ ತೋರಿಸುವ ತಾಣಗಳು ಉಳಿದಿರುವುದು ಈ ನಂಬಿಕೆಯ ಬಲದಿಂದ.

ಗಟ್ಟಿಯಾಗಿ ಉಳಿದದ್ದು ವಚನ. ಮಠ, ಮನೆಗಳ ತಾಳೆಗರಿಗಳಲ್ಲಿದ್ದ ಅದನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ 'ಕಲ್ಯಾಣ ಕರ್ನಾಟಕ' ಎಂದು ಹೆಸರಿಟ್ಟಾಗ ಜನರ ಮನಸ್ಸಿನಲ್ಲಿದ್ದುದೂ ಈ ಕಲ್ಯಾಣವೇ.

ಬಸವಕಲ್ಯಾಣಕ್ಕೆ ಹೋಗುವವರು ಕೋಟೆಯನ್ನು ಅವಶ್ಯವಾಗಿ ನೋಡಬೇಕು. ಅದು ಐದಾರು ಶತಮಾನಗಳ ಯುದ್ಧಗಳ ಕಥೆ. ಬಸವಣ್ಣನವರ ಕಥೆಯನ್ನು ಮಾತ್ರ ಅದರ ಗೋಡೆಗಳಲ್ಲಿ ಹುಡುಕಬಾರದು.