ಬಲ್ಮಠ ಸೀರೀಸ್, ಭಾಗ 4: ಮಕ್ಕಳನ್ನು ಕಡಲಾಚೆ ಬಿಟ್ಟು ಬಂದ ಅಮ್ಮ

ಹಿಂದಿನ ಮೂರು ಭಾಗ ಓದಿದವರಿಗೆ ಬಾಸೆಲ್ ಮಿಷನ್ನಿನ ಗಂಡಸರೆಲ್ಲ ಪರಿಚಯ ಆಗಿದ್ದಾರೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್, ಮಲಯಾಳಂ ನಿಘಂಟಿನ ಗುಂಡರ್ಟ್. ಕಿಟೆಲ್‌ಗೆ ಬೆಂಗಳೂರಿನಲ್ಲಿ ಪ್ರತಿಮೆ ಉಂಟು, ಗುಂಡರ್ಟ್‌ಗೆ ತಲಶ್ಶೇರಿಯಲ್ಲಿ ಉಂಟು. ಇವರ ಮನೆಯಲ್ಲಿ ಯಾರಿದ್ರು ಅಂತ ಯಾವತ್ತಾದ್ರೂ ಕೇಳಿದ್ದೀರಾ? ಈ ಸಲ ಅದೇ ವಿಷಯ. ಉದ್ದ ಉಂಟು, ಸೇವ್ ಮಾಡಿಟ್ಟು ಓದಿ.

ಹೆಸರು ಜೂಲಿ ದುಬುವಾ. ಹುಟ್ಟಿದ್ದು 1809ರಲ್ಲಿ, ಸ್ವಿಟ್ಜರ್ಲೆಂಡಿನ ಕೊರ್ಸೆಲ್ ಅನ್ನುವ ಊರಲ್ಲಿ. ಮಾತೃಭಾಷೆ ಫ್ರೆಂಚ್. 1836ರಲ್ಲಿ ಒಂದು ಮಿಷನರಿ ತಂಡದ ಜತೆ ಭಾರತಕ್ಕೆ ಹಡಗು ಹತ್ತಿದಳು. ಅದೇ ತಂಡದಲ್ಲಿ ಹೆರ್ಮನ್ ಗುಂಡರ್ಟ್ ಅನ್ನುವ ಜರ್ಮನ್ ಹುಡುಗನೂ ಇದ್ದ. 1838ರಲ್ಲಿ ಚಿತ್ತೂರಿನಲ್ಲಿ ಇಬ್ಬರಿಗೂ ಮದುವೆ. ಅದೇ ವರ್ಷದ ಕೊನೆಗೆ ನಮ್ಮ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿದ್ರು. ಮರುವರ್ಷ ತಲಶ್ಶೇರಿ ಪಕ್ಕದ ನೆಟ್ಟೂರಿನ ಇಲ್ಲಿಕ್ಕುನ್ನು ಬಂಗಲೆಗೆ ಹೋದ್ರು. ಇಲ್ಲಿಂದ ರೈಲು ಹತ್ತಿದ್ರೆ ಅರ್ಧ ದಿನ ಸಾಕು, ಬಂಗಲೆ ಈಗಲೂ ಉಂಟು.

ಜೂಲಿಯದ್ದು ನೋಡಿ ಒಪ್ಪಿದ ಮದುವೆ. ನಂತರ ಬಂದ ಎಷ್ಟೋ ಹೆಂಗಸರಿಗೆ ಆ ಭಾಗ್ಯ ಇರಲಿಲ್ಲ. ಬಾಸೆಲ್ ಮಿಷನ್ನಿನ ಹುಡುಗರು ಬ್ರಹ್ಮಚಾರಿಗಳಾಗಿಯೇ ಇಲ್ಲಿಗೆ ಬರಬೇಕಿತ್ತು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಕಮಿಟಿಯ ಅನುಮತಿ ಕೇಳಬೇಕು. ಹುಡುಗಿ ಯಾರಾಗಬೇಕು ಅನ್ನುವುದಕ್ಕೂ ಕಮಿಟಿಯೇ ಒಪ್ಪಬೇಕು. ಎಷ್ಟೋ ಹುಡುಗಿಯರು ಮುಖವನ್ನೇ ನೋಡದ ಗಂಡನಿಗಾಗಿ ಕಡಲು ದಾಟಿ ಬಂದು, ಇಳಿದ ಸ್ವಲ್ಪ ದಿನದಲ್ಲೇ ಮದುವೆ ಆದ್ರು. ‘ಅರೇಂಜ್ಡ್ ಮ್ಯಾರೇಜ್ ನಮ್ಮಲ್ಲಿ ಮಾತ್ರ’ ಅನ್ನುವವರಿಗೆ ಇದನ್ನು ಫಾರ್ವರ್ಡ್ ಮಾಡಿ ಮಾರ್ರೆ.

ಆದ್ರೆ ಮದುವೆಗಿಂತ ಕಷ್ಟದ್ದು ಮಕ್ಕಳ ವಿಷಯ.

ನೆಟ್ಟೂರಿನಲ್ಲಿ ಜೂಲಿ ಹೆಣ್ಣುಮಕ್ಕಳಿಗೆ ಶಾಲೆ, ಹಾಸ್ಟೆಲ್ ನಡೆಸುತ್ತಿದ್ದಳು. ಓದು, ಬರಹ, ಹೊಲಿಗೆ. ಅದರಲ್ಲಿ ಮತಪ್ರಚಾರದ ಉದ್ದೇಶವೂ ಇತ್ತು, ಅದನ್ನು ಮುಚ್ಚಿಡುವುದಕ್ಕೆ ಏನೂ ಇಲ್ಲ. ಆದ್ರೂ ಹುಡುಗಿಯರಿಗೆ ಸ್ಲೇಟು ಕೊಡುವವರೇ ಕಡಿಮೆ ಇದ್ದ ಕಾಲ ಅದು. ಮನೆ ತುಂಬ ಬೇರೆಯವರ ಮಕ್ಕಳು, ನಡುವೆ ತನ್ನದೇ ಮಕ್ಕಳು. 1842ರಲ್ಲಿ ಮಗಳು ಮರೀ ಹುಟ್ಟಿದಳು. 1845ರಲ್ಲಿ ಗುಂಡರ್ಟ್ ರಜೆ ಮೇಲೆ ಕುಟುಂಬ ಸಮೇತ ಯುರೋಪಿಗೆ ಹೋದ. 1846ರಲ್ಲಿ ಗಂಡ ಹೆಂಡತಿ ವಾಪಸ್ ಹೊರಟಾಗ ಮರೀ ಜತೆಗಿರಲಿಲ್ಲ. ಅವಳಿಗೆ ಆಗ ಸುಮಾರು ನಾಲ್ಕು ವರ್ಷ.

ಯಾಕೆ ಬಿಟ್ರು? ಇಲ್ಲಿನ ಜ್ವರ, ಭೇದಿಗೆ ಯುರೋಪಿಯನ್ ಮಕ್ಕಳು ಸಾಯುತ್ತಿದ್ದದ್ದು ನಿಜ. ಓದಿನ ಚಿಂತೆಯೂ ಇತ್ತು. ಇನ್ನೊಂದು ಕಾರಣ ನನಗೆ ಅಷ್ಟು ಇಷ್ಟ ಆಗುವುದಿಲ್ಲ: ಮಕ್ಕಳು ಆಯಾಗಳ ಜತೆ ಬೆಳೆದು ಇಲ್ಲಿಯವರ ಹಾಗೇ ಆಗಿಬಿಡ್ತಾರೆ ಅನ್ನುವ ಭಯ. ಮುಂದೆ ಇದೇ ನಿಯಮ ಆಯ್ತು. 1853ರಲ್ಲಿ ಬಾಸೆಲ್‌ನಲ್ಲಿ ಮಿಷನರಿಗಳ ಮಕ್ಕಳಿಗೆಂದೇ ಒಂದು ಮನೆ ತೆರೆದ್ರು. ಶಾಲೆಗೆ ಹೋಗುವ ವಯಸ್ಸಾಯ್ತು ಅಂದ್ರೆ ಅಮ್ಮಂದಿರು ಮಕ್ಕಳನ್ನು ಅಲ್ಲಿಗೆ ಕಳಿಸಬೇಕಿತ್ತು.

ವಿಡಿಯೋ ಕಾಲ್ ಬಿಡಿ, ಸೂಯೆಜ್ ಕಾಲುವೆಯೇ ತೆರೆದದ್ದು 1869ರಲ್ಲಿ. ಆಫ್ರಿಕಾ ಸುತ್ತಿ ಬರುವ ಹಡಗಿಗೆ ನಾಲ್ಕೈದು ತಿಂಗಳು ಬೇಕಿತ್ತು. ಈಜಿಪ್ಟ್ ದಾರಿಯಲ್ಲಿ ಬರುವ ಟಪಾಲಿಗೂ ವಾರಗಟ್ಟಲೆ ಕಾಯಬೇಕು. ಮಗುವಿಗೆ ಜ್ವರ ಅಂತ ಕಾಗದ ಬಂದಾಗ ಆ ಜ್ವರ ಬಿಟ್ಟು ಎಷ್ಟು ದಿನ ಆಗಿರುತ್ತಿತ್ತೋ.

ಮರೀ ಮತ್ತೆ ಅಮ್ಮನ ಹತ್ತಿರ ಬಂದದ್ದು 1857ರಲ್ಲಿ. ಆಗ ಅವಳಿಗೆ ಹದಿನೈದು. ಬರುವ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಯುವಕನ ಮೇಲೆ ಮನಸ್ಸಾಗಿತ್ತು, ಅಪ್ಪ ಒಪ್ಪಲಿಲ್ಲ. (ಹೌದು, ಅದೇ ಹಳೇ ಕಥೆ.) ಹನ್ನೊಂದು ವರ್ಷ ನೋಡದ ಅಮ್ಮ ಮಗಳು ಮೊದಲ ದಿನ ಏನು ಮಾತಾಡಿರಬಹುದು? ನಾವು ಪಿಜಿಯಿಂದ ಹದಿನೈದು ದಿನಕ್ಕೊಮ್ಮೆ ಮನೆಗೆ ಹೋದ್ರೇ ಅಮ್ಮ ‘ಸಪೂರ ಆಗಿದ್ದಿ’ ಅಂತಾರೆ.

ನಾವು ಬಿಕಾಂನವರು, ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಅಂತ ನೋಡುವವರು. ಕಿಟೆಲ್ 1860ರಲ್ಲಿ ಮದುವೆಯಾದ ಪೌಲೀನೆ 1864ರಲ್ಲೇ ತೀರಿಹೋದಳು. 1867ರಲ್ಲಿ ಅವನು ಅವಳ ಸಹೋದರಿಯನ್ನೇ ಮದುವೆಯಾದ. ನಿಘಂಟು ನಮ್ಮ ಲೈಬ್ರರಿಗಳಲ್ಲಿ ಉಂಟು, ಪೌಲೀನೆ ಹೆಸರು ಎಷ್ಟು ಜನರಿಗೆ ಗೊತ್ತು?

ಕಾಯಿಲೆ ಬಿದ್ದ ಗುಂಡರ್ಟ್ 1859ರಲ್ಲಿ ಯುರೋಪಿಗೆ ಮರಳಿದ. ಜೂಲಿ ಆಮೇಲೆ ಹೋದಳು. ಜರ್ಮನಿಯ ಕಾಲ್ವ್ ಪಟ್ಟಣದಲ್ಲಿ ಉಳಿದ ಆಯುಷ್ಯ ಕಳೆದಳು, 1885ರಲ್ಲಿ ತೀರಿಕೊಂಡಳು. ಮರೀ ಮೊದಲ ಗಂಡನನ್ನು ಕಳಕೊಂಡ ಮೇಲೆ 1874ರಲ್ಲಿ ಯೊಹಾನ್ನೆಸ್ ಹೆಸ್ಸೆಯನ್ನು ಮದುವೆಯಾದಳು. 1877ರಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ: ‘ಸಿದ್ಧಾರ್ಥ’ ಕಾದಂಬರಿ ಬರೆದು, 1946ರಲ್ಲಿ ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ. ಅವನು 1911ರಲ್ಲಿ ಏಷ್ಯಾ ಪ್ರವಾಸಕ್ಕೇನೋ ಬಂದ. ಶ್ರೀಲಂಕಾ, ಸುಮಾತ್ರಾ ನೋಡಿ ವಾಪಸ್ ಹೋದ. ಅಜ್ಜಿ ಬದುಕಿದ ಈ ಕರಾವಳಿಗೆ ಬರಲೇ ಇಲ್ಲ.

ಭಾಗ 5ರಲ್ಲಿ ಹಂಚಿನ ಕಾರ್ಖಾನೆ. ನಿಮ್ಮ ಮನೆಯ ಹಳೇ ಹಂಚು ಮಗುಚಿ ನೋಡಿ, ಮುದ್ರೆ ಇದ್ರೆ ಫೋಟೋ ತೆಗೆದು ಡಿಎಂ ಮಾಡಿ.