ನೂರು ಡಾಲರಿನ ಕನಸು, ಒಂದು ಅರ್ಕಾವತ್ತು

ಜೂನ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಪ್ರಶ್ನೆಯವು. ಮಗಳು ಪದವಿಗೆ ಸೇರಿದ್ದಾಳೆ, 30 ಸಾವಿರದೊಳಗೆ ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ? ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವಂತಿರಬೇಕು, ನಾಲ್ಕು ವರ್ಷ ಬಾಳಬೇಕು, ಕನ್ನಡ ಟೈಪ್ ಮಾಡಲು ಬರಬೇಕು. ಕೇಳುವವರಿಗೆ ಇದು ಈ ವರ್ಷದ ಪ್ರಶ್ನೆ. ಆದರೆ ಇದಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ, ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿಯೇ. ಫೋನಿನಲ್ಲಿ ಮಾಡೆಲ್ ನಂಬರ್ ಹೇಳುವ ಬದಲು ಚರಿತ್ರೆ ಶುರು ಮಾಡಿದರೆ ಆ ಕಡೆಯವರು ಏನೋ ಕೆಲಸ ನೆನಪಾಯಿತೆಂದು ಫೋನ್ ಇಟ್ಟುಬಿಡುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1972ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಅಲನ್ ಕೇ ಒಂದು ಪ್ರಬಂಧ ಬರೆದ. ಎಲ್ಲ ವಯಸ್ಸಿನ ಮಕ್ಕಳಿಗೂ ಒಂದೊಂದು ಸ್ವಂತ ಕಂಪ್ಯೂಟರ್ ಇರಬೇಕು ಎಂಬುದು ಅದರ ಸಾರ. ನೋಟ್‌ಬುಕ್ಕಿನಷ್ಟು ಗಾತ್ರ, 4 ಪೌಂಡಿಗಿಂತ ಕಡಿಮೆ ತೂಕ. ಹೆಸರು ‘ಡೈನಾಬುಕ್’. ಕಂಪ್ಯೂಟರೆಂದರೆ ತಣ್ಣನೆಯ ಕೋಣೆ ತುಂಬುವ ಕಪಾಟುಗಳು ಎಂದಿದ್ದ ಕಾಲ ಅದು. ಕೇಗೆ ಈ ಹುಚ್ಚು ಹತ್ತಿಸಿದವರಲ್ಲಿ ಎಂಐಟಿಯ ಸೀಮೋರ್ ಪೇಪರ್ಟ್ ಒಬ್ಬ. ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ‘ಲೋಗೋ’ ಎಂಬ ಭಾಷೆ ಮಾಡಿದ್ದರು. ಮಕ್ಕಳು ಅದರಲ್ಲಿ ಒಂದು ಆಮೆಗೆ ಆಜ್ಞೆ ಕೊಟ್ಟು ಚೌಕ, ವೃತ್ತ ಬಿಡಿಸುತ್ತ ಗಣಿತ ಕಲಿಯುತ್ತಿದ್ದರು. ಇಬ್ಬರಿಗೂ ಯಂತ್ರಕ್ಕಿಂತ ಮುಖ್ಯವಾಗಿದ್ದದ್ದು ಮಗು ಅದರೊಳಗೆ ಏನು ಮಾಡುತ್ತದೆ ಎಂಬುದು. ಡೈನಾಬುಕ್ ಆ ರೂಪದಲ್ಲಿ ತಯಾರಾಗಲೇ ಇಲ್ಲ. ಮುಂದೆ ಬಂದವರು ಅದರ ಗಾತ್ರವನ್ನೂ ಬೆಲೆಯನ್ನೂ ನೆನಪಿಟ್ಟುಕೊಂಡರು. ಆ ಇನ್ನೊಂದು ಮಾತನ್ನು ಅಷ್ಟಾಗಿ ಅಲ್ಲ.

ಬೆಂಗಳೂರಿನ ಅಧ್ಯಾಯ ಇದಾದ ಕಾಲು ಶತಮಾನದ ನಂತರದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಎಂಬ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಜನಸಾಮಾನ್ಯರ ಕಂಪ್ಯೂಟರೊಂದನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಸಿಂಪ್ಯೂಟರ್ ಎಂದು ಹೆಸರು: ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಪೋಣಿಸಿದ್ದು. ಅದು ಲ್ಯಾಪ್‌ಟಾಪ್ ಅಲ್ಲ, ಅಂಗೈಯಲ್ಲಿ ಹಿಡಿಯುವ ಯಂತ್ರ. ಕೀಲಿಮಣೆ ಇಲ್ಲ, ಪರದೆಯನ್ನೇ ಕಡ್ಡಿಯಿಂದ ಮುಟ್ಟಬೇಕು. ಒಳಗೆ ಲಿನಕ್ಸ್. ಅಕ್ಷರ ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆ. ಅದರಲ್ಲಿ ಕನ್ನಡವೂ ಇತ್ತು.

ನನಗೆ ಇವತ್ತಿಗೂ ಬಹಳ ಹಿಡಿಸುವುದು ಅದರ ಸ್ಮಾರ್ಟ್‌ಕಾರ್ಡಿನ ಯೋಚನೆ. ಊರಿಗೊಂದೇ ಯಂತ್ರವಿರಲಿ, ಶಾಲೆಗೊಂದೇ ಇರಲಿ, ಪ್ರತಿಯೊಬ್ಬರಿಗೂ ಒಂದು ಕಾರ್ಡು. ಕಾರ್ಡು ತೂರಿಸಿದರೆ ಯಂತ್ರ ಆ ಹೊತ್ತಿಗೆ ನಿಮ್ಮದು. ಯಂತ್ರ ಕೊಳ್ಳಲಾಗದವರಿಗೆ ಅಗ್ಗದ ಯಂತ್ರ ಮಾಡಿಕೊಡುವುದು ಒಂದು ದಾರಿಯಾದರೆ, ಕೊಳ್ಳುವ ಅಗತ್ಯವನ್ನೇ ತಪ್ಪಿಸುವುದು ಇನ್ನೊಂದು. ಗ್ರಂಥಾಲಯ ಹುಟ್ಟಿದ್ದೂ ಹೀಗೆಯೇ ಅಲ್ಲವೇ?

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆರಂಭಿಕ ಬೆಲೆ ಹತ್ತಿರ ಹತ್ತಿರ 10 ಸಾವಿರ ರೂಪಾಯಿ. ಮಾರಾಟವಾದದ್ದು ಕೆಲವೇ ಸಾವಿರ. ಸರ್ಕಾರಗಳ ದೊಡ್ಡ ಬೇಡಿಕೆ ಬರಲಿಲ್ಲ. ಬೇಡಿಕೆ ಬಾರದೆ ಬೆಲೆ ಇಳಿಯಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಪ್ರತಿ ಮನೆಯ ಬಾಗಿಲು ತಟ್ಟುತ್ತಿತ್ತು. ಸಿಂಪ್ಯೂಟರನ್ನು ಸೋಲು ಎಂದು ಬರೆಯುವವರು ಬಹಳ. ಮುಟ್ಟಿದರೆ ಕೆಲಸ ಮಾಡುವ, ನಮ್ಮ ನುಡಿಯಲ್ಲಿ ಮಾತಾಡುವ ಅಂಗೈ ಯಂತ್ರ ಇಂದು ಎಲ್ಲರ ಜೇಬಿನಲ್ಲಿರುವಾಗ ನನಗೆ ಆ ಪದ ಬಳಸಲು ಮನಸ್ಸು ಬರುವುದಿಲ್ಲ.

ಆಮೇಲೆ ಬಂದದ್ದು ಗದ್ದಲದ ಅಧ್ಯಾಯ. 2005ರಲ್ಲಿ ಎಂಐಟಿಯ ನಿಕೋಲಸ್ ನೆಗ್ರೊಪಾಂಟೆ ಪ್ರತಿ ಮಗುವಿಗೂ 100 ಡಾಲರಿನ ಲ್ಯಾಪ್‌ಟಾಪ್ ಎಂದು ಘೋಷಿಸಿದರು. ಆ ವರ್ಷದ ನವೆಂಬರಿನಲ್ಲಿ ಟ್ಯುನೀಸಿಯಾದ ಟ್ಯುನಿಸ್ ನಗರದಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಎದುರು ಹಸಿರು ಮಾದರಿಯೊಂದನ್ನು ತೋರಿಸಿದರು. ವಿದ್ಯುತ್ತಿಲ್ಲದ ಊರುಗಳಿಗೆಂದು ಅದಕ್ಕೆ ಕೈಯಿಂದ ತಿರುಗಿಸುವ ಹಿಡಿ ಇತ್ತು. ಅನ್ನಾನ್ ತಿರುಗಿಸಿದಾಗ ಹಿಡಿ ಕಿತ್ತು ಕೈಗೆ ಬಂತು. ಮುಂದಿನ ಯಂತ್ರಗಳಲ್ಲಿ ಹಿಡಿಯೇ ಇರಲಿಲ್ಲ. 2007ರ ಕೊನೆಗೆ ತಯಾರಾಗಿ ಬಂದ ಎಕ್ಸ್‌ಒ ಯಂತ್ರದ ಬೆಲೆ 188 ಡಾಲರ್.

ಯಂತ್ರವೇನೋ ಚೆಂದವೇ. ಸುಡು ಬಿಸಿಲಿನಲ್ಲೂ ಓದಬಹುದಾದ ಪರದೆ, ಧೂಳು ನೀರಿಗೆ ಜಗ್ಗದ ಮೈ, ಸುಮಾರು ಒಂದೂವರೆ ಕಿಲೋ ತೂಕ. ಒಳಗಿದ್ದ ‘ಶುಗರ್’ ತಂತ್ರಾಂಶ ಪೇಪರ್ಟ್ ದಾರಿಯದು; ಮಕ್ಕಳು ಅದನ್ನು ಬಿಚ್ಚಿ ನೋಡಬಹುದಿತ್ತು. 2008ರಲ್ಲಿ ಅದೇ ಯಂತ್ರಕ್ಕೆ ವಿಂಡೋಸ್ ಹಾಕುವ ಮಾತು ಬಂದಾಗ ತಂತ್ರಾಂಶದ ಹೊಣೆ ಹೊತ್ತಿದ್ದ ವಾಲ್ಟರ್ ಬೆಂಡರ್ ಹೊರನಡೆದು ‘ಶುಗರ್ ಲ್ಯಾಬ್ಸ್’ ಕಟ್ಟಿದರು.

ಭಾರತ 2006ರಲ್ಲೇ ಬೇಡ ಎಂದಿತ್ತು. ಶಾಲೆಗೆ ಮೊದಲು ಕೋಣೆ, ಮೇಷ್ಟ್ರು ಬೇಕು ಎಂಬುದು ಕೇಂದ್ರ ಶಿಕ್ಷಣ ಇಲಾಖೆಯ ವಾದ. ಆದರೂ 2007ರಲ್ಲಿ ಮಹಾರಾಷ್ಟ್ರದ ಖೈರಾತ್ ಎಂಬ ಹಳ್ಳಿಯ ಪುಟ್ಟ ಶಾಲೆಯಲ್ಲಿ ಪ್ರಯೋಗ ನಡೆಯಿತು. ಅತಿ ದೊಡ್ಡ ಪ್ರಯೋಗವಾದದ್ದು ಪೆರು ದೇಶದಲ್ಲಿ, 8 ಲಕ್ಷಕ್ಕೂ ಹೆಚ್ಚು ಯಂತ್ರಗಳೊಂದಿಗೆ. ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನವರು ಅಲ್ಲಿನ 319 ಹಳ್ಳಿ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ವರದಿ ಕೊಟ್ಟರು: ಗಣಿತದಲ್ಲೂ ಭಾಷೆಯಲ್ಲೂ ಕಲಿಕೆ ಹೆಚ್ಚಿದ್ದಕ್ಕೆ ಪುರಾವೆಯಿಲ್ಲ. ಹೆಚ್ಚಿನ ಶಾಲೆಗಳಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ಅದೇ ಯಂತ್ರವನ್ನು ಉರುಗ್ವೆ ದೇಶವೂ ಕೊಂಡಿತು. ಅಲ್ಲಿಯೂ ಅಂಕಗಳು ಏರಲಿಲ್ಲ. ಆದರೆ ಅವರು ಶಾಲೆಗಳಿಗೆ ಇಂಟರ್ನೆಟ್, ರಿಪೇರಿ ವ್ಯವಸ್ಥೆ, ಶಿಕ್ಷಕರ ತರಬೇತಿ ಎಲ್ಲವನ್ನೂ ಜೊತೆಗೇ ಕಟ್ಟುತ್ತ ಹೋದರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆ ಪುಟ್ಟ ದೇಶದ ಕೈಯಲ್ಲಿ ಒಂದು ಸಿದ್ಧ ವ್ಯವಸ್ಥೆಯಿತ್ತು.

ನಮ್ಮ ‘ಆಕಾಶ್’ ಟ್ಯಾಬ್ಲೆಟ್ಟಿನ ಕತೆ ಬೇಗ ಹೇಳಿ ಮುಗಿಸಬಹುದು. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆ. 35 ಡಾಲರಿನ ಗುರಿ, 7 ಅಂಗುಲದ ಪರದೆ, 256 ಎಂಬಿ ಮೆಮೊರಿ. ಅದರ ಬಗ್ಗೆ ಬಂದ ಸುದ್ದಿಗಳೆಲ್ಲ ಬೆಲೆಯ ಸುತ್ತಲೇ ಸುತ್ತಿದವು. ಅದರಲ್ಲಿ ಯಾವ ಪಾಠ, ಯಾವ ಭಾಷೆಯಲ್ಲಿ ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆಗೆ ಕನ್ನಡದಲ್ಲಿ ಬೇರೆಯದೇ ಚರಿತ್ರೆಯಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದು ಯಾವ ಪ್ರೊಸೆಸರಿಗಿಂತಲೂ ಹತ್ತಿರದ್ದು. ಕೆ. ಪಿ. ರಾವ್ ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಸ್ವಲ್ಪ ಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಎರಡನ್ನೂ ಹಣವಿಲ್ಲದೆ ಪಡೆಯಬಹುದಿತ್ತು; ಸಾವಿರಾರು ಜನ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಅಕ್ಷರ ಮೂಡಿಸಿದ್ದು ಇವುಗಳಿಂದ. ಆ ಕಾಲದ ಯಂತ್ರಗಳ ಮಿತಿಯಲ್ಲಿ ಕನ್ನಡ ಅಕ್ಷರಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಬೇಕಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ‘ಕನ್ನಡ’ ಎಂಬ ಪದವೇ ಒಂದು ಇಂಗ್ಲಿಷ್ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಅದರ ಪಕ್ಕ ಪೌಂಡಿನ ಚಿಹ್ನೆ, ಹೀಗೆ ಕಾಣುತ್ತದೆ. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂತು. ಬರಹ, ನುಡಿಗಳೂ ಮುಂದೆ ಯುನಿಕೋಡಿಗೆ ತೆರೆದುಕೊಂಡವು. ಆದರೆ ಹಳೆಯ ರೂಢಿ ಸುಲಭಕ್ಕೆ ಹೋಗಲಿಲ್ಲ. ಎಷ್ಟೋ ಎಂ.ಫಿಲ್ ಪ್ರಬಂಧಗಳು, ಸಂಚಿಕೆಗಳ ಕಡತಗಳು ಇಂದು ಪರಿವರ್ತಕದ ಸಹಾಯವಿಲ್ಲದೆ ತೆರೆದುಕೊಳ್ಳುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಯಂತ್ರಕ್ಕೆ ಆಯುಸ್ಸು ನಾಲ್ಕೈದು ವರ್ಷ. ಬರೆದದ್ದು ಅದಕ್ಕಿಂತ ಹೆಚ್ಚು ಬಾಳಬೇಕಲ್ಲ?

ನೆರೆಯ ಕೇರಳ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶದ ಮೇಲೆ, ಮಲಯಾಳದೊಂದಿಗೆ ಕಟ್ಟಿದೆ. ಲೈಸೆನ್ಸಿನ ಹಣ ಉಳಿಯುವುದು ಒಂದು ಲಾಭ. ಶಾಲೆಯಲ್ಲಿ ಕಲಿತದ್ದನ್ನೇ ಮಗು ಮನೆಯ ಹಳೆಯ ಯಂತ್ರದಲ್ಲೂ ಕಾಸಿಲ್ಲದೆ ಹಾಕಿಕೊಳ್ಳಬಹುದು ಎಂಬುದು ಅದಕ್ಕಿಂತ ದೊಡ್ಡದು ಎಂದು ನನ್ನ ಎಣಿಕೆ.

ಇನ್ನು ಜೂನ್ ತಿಂಗಳ ಪ್ರಶ್ನೆ. ಓದು, ಬರಹ, ತರಗತಿಯ ವಿಡಿಯೋ ಇಷ್ಟೇ ಕೆಲಸವಾದರೆ 8 ಜಿಬಿ ಮೆಮೊರಿ, 256 ಜಿಬಿಯ ಎಸ್‌ಎಸ್‌ಡಿ, ಒಂದೂವರೆ ಕಿಲೋ ಆಸುಪಾಸಿನ ತೂಕ ಸಾಕು. ಹೊಸದಕ್ಕೆ ಹಣ ಸಾಲದಿದ್ದರೆ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪುಗಳು ಸಿಗುತ್ತವೆ. ಬ್ಯಾಟರಿ ಬದಲಿಸುವ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ. ರಿಪೇರಿಯವರು ನಿಮ್ಮ ಊರಿನಲ್ಲೋ ತಾಲ್ಲೂಕಿನಲ್ಲೋ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಬರೆಯಲು ಲಿಬ್ರೆ ಆಫೀಸ್ ಸಾಕು, ಅದು ಉಚಿತ. ಕಾಲೇಜು ಬೇರೆ ತಂತ್ರಾಂಶ ಕೇಳುತ್ತದೆಯೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ವಾಣಿಜ್ಯ, ಎಂಜಿನಿಯರಿಂಗ್ ಓದುವವರಿಗೆ ಬೇಕಾದೀತು.

ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲೇ ಯಂತ್ರ ತೆರೆಸಿ, ಯುನಿಕೋಡ್ ಕೀಲಿಮಣೆ ಆರಿಸಿಕೊಂಡು, ಕೆಲವು ಪದ ಟೈಪ್ ಮಾಡಿ ನೋಡಿ: ಅಕ್ಷರ, ವಿಜ್ಞಾನ, ಸೂರ್ಯ, ರ‍್ಯಾಂಕ್. ಸೂರ್ಯನ ಅರ್ಕಾವತ್ತು ಅದರ ಜಾಗದಲ್ಲಿ ಕೂರಬೇಕು, ರ‍್ಯಾಂಕಿನಲ್ಲಿ ಅದು ಕಾಣಿಸಲೇಬಾರದು. ಕಡತವನ್ನು ಉಳಿಸಿ ನಿಮ್ಮ ಫೋನಿಗೆ ಕಳಿಸಿಕೊಂಡು ಅಲ್ಲಿಯೂ ತೆರೆಯಿರಿ. ಅಂಗಡಿಯವ ಆತುರಪಡಿಸಿದರೆ ಪಡಿಸಲಿ, ಹತ್ತು ನಿಮಿಷದ ಕೆಲಸ.