ವಿಭಜನೆಯ ಎಣಿಕೆ ಮತ್ತು ಬಹುಪದೋಕ್ತಿಗಳ ಐಡಿಯಲ್

ಒಂದು ಧನಪೂರ್ಣಾಂಕವನ್ನು ಇತರ ಧನಪೂರ್ಣಾಂಕಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂಬುದು ಸಂಕಲನಾತ್ಮಕ ಸಂಖ್ಯಾಸಿದ್ಧಾಂತದ ಮೂಲಪ್ರಶ್ನೆಗಳಲ್ಲೊಂದು. ಛಂದಸ್ಸಿನ ಪ್ರಸ್ತಾರವನ್ನು ಬಲ್ಲವರಿಗೆ ಇಂಥ ಎಣಿಕೆ ಅಪರಿಚಿತವಲ್ಲ. ಆದರೆ ಪ್ರಸ್ತಾರದಲ್ಲಿ ಗುರುಲಘುಗಳ ಕ್ರಮವೇ ಮುಖ್ಯ. ವಿಭಜನೆಯಲ್ಲಿ ಕ್ರಮವು ಗಣನೆಗೆ ಬಾರದು.

9ನ್ನು ತೆಗೆದುಕೊಳ್ಳೋಣ. ಭಾಗಗಳ ನಡುವೆ ಕನಿಷ್ಠ 2ರ ಅಂತರವಿರಬೇಕೆಂದರೆ 9, 8+1, 7+2, 6+3, 5+3+1 ಎಂಬ ಐದು ವಿಭಜನೆಗಳು ದೊರೆಯುತ್ತವೆ. 5ರಿಂದ ಭಾಗಿಸಿದಾಗ 1 ಅಥವಾ 4 ಶೇಷವುಳಿಯುವ ಭಾಗಗಳನ್ನಷ್ಟೇ ಬಳಸಿದರೂ ಐದೇ: 9, 6+1+1+1, 4+4+1, ಒಂದು 4 ಮತ್ತು ಐದು 1, ಒಂಬತ್ತು 1. ಈ ಸಮತೆ ಎಲ್ಲ ಸಂಖ್ಯೆಗಳಿಗೂ ಸಲ್ಲುತ್ತದೆ.

ಇದಕ್ಕೆ ಆಧಾರವಾದ ಸಮೀಕರಣವನ್ನು ಎಲ್. ಜೆ. ರೋಜರ್ಸ್ 1894ರಲ್ಲಿಯೇ ಸಾಧಿಸಿ ಪ್ರಕಟಿಸಿದ್ದನು. ಆ ಪ್ರಬಂಧವು ಓದುಗರಿಲ್ಲದ ಹಸ್ತಪ್ರತಿಯಂತೆ ಉಳಿಯಿತು. ಶ್ರೀನಿವಾಸ ರಾಮಾನುಜನ್ ಅದನ್ನೇ 1913ಕ್ಕೆ ಮೊದಲು ಸ್ವತಂತ್ರವಾಗಿ ಕಂಡುಕೊಂಡರು, ಸಾಧನೆ ಅವರಲ್ಲಿರಲಿಲ್ಲ. 1917ರಲ್ಲಿ ಹಳೆಯ ಸಂಪುಟಗಳನ್ನು ತಿರುವುತ್ತಿದ್ದಾಗ ರೋಜರ್ಸ್‌ನ ಪ್ರಬಂಧ ಅವರ ಕಣ್ಣಿಗೆ ಬಿತ್ತು. ಅದೇ ವರ್ಷ ಜರ್ಮನಿಯಲ್ಲಿ ಐ. ಶೂರ್ ಬೇರೆ ಸಾಧನೆಯನ್ನಿತ್ತನು. 1919ರಲ್ಲಿ ರೋಜರ್ಸ್-ರಾಮಾನುಜನ್ ಹೆಸರುಗಳು ಒಂದೇ ಪ್ರಬಂಧದಲ್ಲಿ ಜೊತೆಗೂಡಿದವು.

ಬೀಜಗಣಿತದ ಧಾರೆ ಬೇರೆಯಾಗಿ ಹರಿಯುತ್ತಿತ್ತು. ಸಂಕಲನಕ್ಕೂ ಯಾವುದೇ ಬಹುಪದೋಕ್ತಿಯಿಂದ ಗುಣಿಸುವುದಕ್ಕೂ ಒಳಪಟ್ಟು ತನ್ನೊಳಗೇ ಉಳಿಯುವ ಬಹುಪದೋಕ್ತಿಗಳ ಸಮೂಹವೇ ಐಡಿಯಲ್. ಅದನ್ನು ಕಳೆದ ಮೇಲೆ ಪ್ರತಿಯೊಂದು ಘಾತದಲ್ಲಿ ಉಳಿಯುವುದೆಷ್ಟು ಎಂಬ ಎಣಿಕೆಯನ್ನು ಡೇವಿಡ್ ಹಿಲ್ಬರ್ಟ್ 1890ರಲ್ಲಿ ಶಾಸ್ತ್ರಬದ್ಧಗೊಳಿಸಿದನು. ಪ್ರತಿ ಬಹುಪದೋಕ್ತಿಯ ಅಗ್ರಪದವನ್ನಷ್ಟೇ ಗಮನಿಸಿದರೆ ಈ ಎಣಿಕೆಗೆ ಸಾಕೆಂಬುದನ್ನು ಎಫ್. ಎಸ್. ಮೆಕಾಲೆ 1927ರಲ್ಲಿ ತೋರಿಸಿದನು.

ಈ ಎರಡು ಧಾರೆಗಳ ಸಂಗಮವನ್ನು 2013ರಲ್ಲಿ ಪ್ರಕಟವಾದ ಬ್ರುಶೆಕ್, ಮೂರ್ತಾದಾ, ಶೆಪರ್ಸ್ ಇವರ ಪ್ರಬಂಧದಲ್ಲಿ ನಾವು ಕಾಣುತ್ತೇವೆ. ಕ₁ತ + ಕ₂ತ² + ಕ₃ತ³ + … ಎಂಬ ಶ್ರೇಣಿಯ ವರ್ಗವು ಶೂನ್ಯವಾಗಬೇಕೆಂದು ವಿಧಿಸಿದರೆ ಕ₁², 2ಕ₁ಕ₂, 2ಕ₁ಕ₃+ಕ₂² ಮುಂತಾದ ಸಹಗುಣಕಗಳು ಒಂದು ಐಡಿಯಲನ್ನು ಹುಟ್ಟಿಸುತ್ತವೆ. ಪದಗಳಿಗೆ ತಕ್ಕ ಕ್ರಮವನ್ನು ಆರಿಸಿಕೊಂಡರೆ ಅಗ್ರಪದಗಳೆಲ್ಲವೂ ಯಾವುದೋ ಒಂದು ಚರದ ವರ್ಗದಿಂದ ಅಥವಾ ನೆರೆಯ ಎರಡು ಚರಗಳ ಗುಣಲಬ್ಧದಿಂದ ಭಾಗವಾಗುತ್ತವೆ. ಆದುದರಿಂದ ಉಳಿಯುವ ಪದಗಳಲ್ಲಿ ಯಾವ ಚರವೂ ಎರಡು ಬಾರಿ ಬಾರದು, ನೆರೆಯವೆರಡು ಒಟ್ಟಿಗೆ ಬಾರವು. ಕ₁ಕ್ಕೆ 1, ಕ₂ಕ್ಕೆ 2 ಎಂದು ತೂಕ ಕೊಟ್ಟರೆ ಇವು 2ರ ಅಂತರವುಳ್ಳ ವಿಭಜನೆಗಳೇ. ಮೇಲಿನ 5+3+1 ಇಲ್ಲಿ ಕ₅ಕ₃ಕ₁ ಆಗುತ್ತದೆ.

ಸಾಧನೆಯು ಸಮತೆಯ ಸತ್ಯವನ್ನು ಸ್ಥಾಪಿಸಿತ್ತು. ಅಂತರದ ಆ ನಿಯಮ ಎಲ್ಲಿ ಸಹಜವಾಗಿ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಮತ್ತೊಂದು ಶಾಸ್ತ್ರದ ನೆರವು ಬೇಕಾಯಿತು. ಓದದೆ ಉಳಿದ ಪ್ರಬಂಧವೊಂದು ಮುಂದಿನ ತಲೆಮಾರಿಗೆ ಏನನ್ನು ಕಾಪಿಟ್ಟಿರಬಹುದೆಂಬುದಕ್ಕೆ ಇದು ನಿದರ್ಶನ. ಪ್ರಾಚೀನ ಪಠ್ಯಗಳೊಡನೆ ವ್ಯವಹರಿಸುವ ನಮಗೂ ಇದು ನೆನಪಿನಲ್ಲಿಡತಕ್ಕ ಮಾತು.